ಎಲ್‌ಇಡಿ ವಾಲ್ ಪರೀಕ್ಷೆಗೆ ಎಫ್‌ಎಫ್‌ಎಂಪೆಗ್: ಮೂರು ವರ್ಷ, ಒಂದು ಜಗಳ

ಕಲಬುರಗಿಯಲ್ಲಿ ಮದುವೆ, ಜಾತ್ರೆಗೆ ಎಲ್‌ಇಡಿ ವಾಲ್ ಬಾಡಿಗೆಗೆ ಕೊಡುವುದು ನನ್ನ ಕೆಲಸ. ವಾಲ್ ಪರೀಕ್ಷೆಗೆ ಬೇಕಾದ ಚಿತ್ರ ಕೊಡುವ ಟೆಸ್ಟ್ ಪ್ಯಾಟರ್ನ್ ಪೆಟ್ಟಿಗೆ ಕೊಳ್ಳುವಷ್ಟು ದುಡ್ಡಿಲ್ಲ, ಹಾಗಾಗಿ ಮೂರು ವರ್ಷದಿಂದ ಹಳೇ ಲ್ಯಾಪ್‌ಟಾಪ್, ಪುಕ್ಕಟೆ ಸಿಗುವ ಎಫ್‌ಎಫ್‌ಎಂಪೆಗ್ ಎಂಬ ವಿಡಿಯೋ ಸಾಫ್ಟ್‌ವೇರ್. ಕಲರ್ ಬಾರ್, ಅಂದರೆ ಬಣ್ಣದ ಪಟ್ಟಿ, ಎಲ್ಲ ನಿಮಗೆ ಗೊತ್ತೇ ಇದೆ, ಬಿಡಿ. ನಾನು ಬರೆಯೋಕೆ ಕೂತಿದ್ದು ಬಳೆಗಳ ಬಗ್ಗೆ.

ಒಂದರೊಳಗೊಂದು ಬಳೆಗಳಿರುವ ಪರೀಕ್ಷೆಯ ಚಿತ್ರ ಇದು, ಹೆಸರು ಝೋನ್ ಪ್ಲೇಟ್. ನಾನು ಬಳೆ ಅನ್ನುತ್ತೇನೆ. ಶಾಲೆಯಲ್ಲಿ ಕಲಿತ ಪೈ ಆರ್ ಸ್ಕ್ವೇರ್ ನೆನಪಿದೆ ಅಲ್ವಾ? ನಡುವಿನಿಂದ ಪಿಕ್ಸೆಲ್ ಎಷ್ಟು ದೂರವೋ ಅದು ಆರ್. ಬಂದದ್ದನ್ನು ಚಿತ್ರದ ಅಗಲದಿಂದ ಭಾಗಿಸಿ ಕೊಸೈನ್ ತೆಗೆದರೆ ಆ ಪಿಕ್ಸೆಲ್‌ನ ಬೆಳಕು ಸಿಗುತ್ತದೆ, ಅಷ್ಟೇ. ನಡುವೆ ದಪ್ಪ ಬಳೆ, ಹೊರಗೆ ಹೋದಂತೆ ಸಣ್ಣ, ಎಡಬಲದ ಅಂಚಿನಲ್ಲಿ ಒಂದು ಪಿಕ್ಸೆಲ್ ಕಪ್ಪು, ಒಂದು ಬಿಳಿ. ಅದಕ್ಕಿಂತ ಸಣ್ಣ ಗೆರೆ ಯಾವ ಪರದೆಗೂ ಆಗಲ್ಲ.

ನನ್ನ ವಾಲ್ 1024×640 ಪಿಕ್ಸೆಲ್. 1920×1080ರ ಬಳೆ ಕೊಟ್ಟು ಕುಗ್ಗಿಸು ಅಂದರೆ, ಚಿತ್ರವನ್ನು ವಾಲಿನ ಅಳತೆಗೆ ಹೊಂದಿಸುವ ಪ್ರೊಸೆಸರ್‌ನ ಬಣ್ಣ ಬಯಲು. ಒಳ್ಳೆಯದಾದರೆ ಅಂಚು ಬೂದಿಬಣ್ಣವಾಗಿ ಸುಮ್ಮನಾಗುತ್ತದೆ. ನಡುನಡುವೆ ಪಿಕ್ಸೆಲ್ ಹಾರಿಸಿ ಕುಗ್ಗಿಸುವಂಥದ್ದಾದರೆ ಫೈಲಿನಲ್ಲೇ ಇಲ್ಲದ ಬಳೆಗಳು ಅಕ್ಕಪಕ್ಕ ಹುಟ್ಟುತ್ತವೆ, ಅದೇ ಪ್ರೊಸೆಸರ್ ರಾತ್ರಿ ಬೀಗರ ಚೌಕಳಿ ಶರ್ಟಿನ ಮೇಲೆ ಅಲೆ ಎಬ್ಬಿಸುತ್ತದೆ. ಬಳೆ ನಿಂತ ಮೊಟ್ಟೆಯಂತೆ ಕಂಡರೆ ಮದುಮಗನ ಮುಖವೂ ಉದ್ದ ಆಗುತ್ತದೆ ಅಂತಲೇ ಲೆಕ್ಕ.

ಸಂಜೆ ನಾಲ್ಕಕ್ಕೆ ಶುರು ಮಾಡುತ್ತೇನೆ. ಬೇಸಿಗೆಯಲ್ಲಿ ಪ್ಯಾನೆಲ್ ಮುಟ್ಟಿದರೆ ಕೈ ಚುರ್ ಅನ್ನುತ್ತದೆ. ಕೆಂಪು, ಹಸಿರು, ನೀಲಿ, ಬಿಳಿ ಒಂದೊಂದೇ ಹಾಕಿ, ಚಹಾ ಕುಡಿಯುತ್ತಾ ಸತ್ತ ಎಲ್‌ಇಡಿ ಹುಡುಕುವುದು. ಆಮೇಲೆ ಬಳೆ. ಅಷ್ಟೊತ್ತಿಗೆ ಪೆಂಡಾಲಿನ ಹುಡುಗರೆಲ್ಲ ಮುಂದೆ ಬಂದು ಕೂತಿರುತ್ತಾರೆ. "ಕಾಕಾ, ಬಳಿ ಓಡಸ್ರಿ!" ಸೂತ್ರಕ್ಕೆ ಸಮಯವನ್ನೂ ಸೇರಿಸಿದರೆ ಬಳೆಗಳು ಓಡುತ್ತವೆ. ಒಮ್ಮೆ ಒಬ್ಬ ಹುಡುಗನೇ "ನಡುನಡುವೆ ಜಗ್ಗತದ ಕಾಕಾ" ಅಂದ. ನೋಡಿದರೆ ನಿಜ, ಫ್ರೇಮ್ ಬೀಳುತ್ತಿತ್ತು, ಅಂದರೆ ನಡುವೆ ಒಂದೊಂದು ಚಿತ್ರ ತಪ್ಪಿಹೋಗುತ್ತಿತ್ತು. ನನಗೆ ಕಂಡೇ ಇರಲಿಲ್ಲ.

ಈಗ ಸಿಟ್ಟಿನ ಮಾತು. ಎಫ್‌ಎಫ್‌ಎಂಪೆಗ್‌ನಲ್ಲಿ ಸೂತ್ರ ಬರೆದು ಚಿತ್ರ ಮಾಡುವ ಜಿಇಕ್ಯೂ ಫಿಲ್ಟರ್ ಬಲು ನಿಧಾನ, ಪಿಕ್ಸೆಲ್ ಪಿಕ್ಸೆಲ್‌ಗೂ ಲೆಕ್ಕ ಹಾಕುತ್ತದೆ. ಒಮ್ಮೆ ಮಾಡಿ ಫೈಲ್ ಇಟ್ಟುಕೊಂಡರೆ ಆ ಕಾಟ ಇಲ್ಲ. ಆದರೆ ನನಗೆ ಪೆಟ್ಟು ಬಿದ್ದದ್ದೂ ಆ ಫೈಲಿನಿಂದಲೇ. ಜಾತ್ರೆಯ ಹಿಂದಿನ ದಿನ ಒಂದು ಪಿಕ್ಸೆಲ್ ದಪ್ಪದ ಕೆಂಪು ಗೆರೆಗಳನ್ನು ಹಾಕಿದೆ, ಎಲ್ಲ ಕದಡಿದಂತೆ ಬಂತು. ಪ್ಯಾನೆಲ್ ಕೊಟ್ಟವರಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ರಾತ್ರಿ ಕೂತು ನೋಡಿದರೆ ತಪ್ಪು ನನ್ನದೇ. ಆರ್‌ಜಿಬಿ (ಕೆಂಪು-ಹಸಿರು-ನೀಲಿ) ಚಿತ್ರವನ್ನು ಎಚ್264 ಎಂಬ ವಿಡಿಯೋ ರೂಪಕ್ಕೆ ಮಾಡಿದಾಗ ಎಫ್‌ಎಫ್‌ಎಂಪೆಗ್ 4:4:4 ಫೈಲ್ ಕೊಟ್ಟಿತ್ತು, ಅಂದರೆ ಪ್ರತಿ ಪಿಕ್ಸೆಲ್‌ಗೂ ಅದರದೇ ಬಣ್ಣ, ನನ್ನ ಪ್ಲೇಯರ್‌ನಲ್ಲಿ ಅದು ಓಡಲಿಲ್ಲ, ಓಡಲಿ ಅಂತ 4:2:0 ಮಾಡಿದ್ದೆ. 4:2:0ರಲ್ಲಿ ಬೆಳಕು ಪ್ರತಿ ಪಿಕ್ಸೆಲ್‌ಗೂ ಇರುತ್ತದೆ, ಬಣ್ಣ ಮಾತ್ರ ನಾಲ್ಕು ಪಿಕ್ಸೆಲ್‌ಗೆ ಒಂದೇ. ಹಾಗಾಗಿ ಕಪ್ಪುಬಿಳುಪು ಬಳೆ ಸರಿಯಿತ್ತು, ಕೆಂಪು ಗೆರೆ ಕೆಟ್ಟಿತ್ತು. ಈಗ ಬಣ್ಣದ ಗೆರೆಗೆ ವಿಡಿಯೋ ಬಿಟ್ಟು ಪಿಎನ್‌ಜಿ ಚಿತ್ರವನ್ನೇ ಹಾಕುತ್ತೇನೆ.

ಬೆಳಿಗ್ಗೆ ಫೋನ್ ಮಾಡಿ ತಪ್ಪಾಯ್ತು ಅಂದೆ. "ಇರ್ಲಿ ಬಿಡ್ರಿ ಅಣ್ಣಾ" ಅಂದರು. ಮುಂದಿನ ಆರ್ಡರಿಗೆ ಮಾತ್ರ ಪೂರ್ತಿ ದುಡ್ಡು ಮುಂಗಡ ಕೇಳಿದರು.