ಕಾಲಮ್ಮೋ ಸಾರ್ಟರೋ: ಒಂದೇ ಗುಲ್ಮ, ಎರಡು ದಾರಿ

ಇಲಿಯ ಗುಲ್ಮದಿಂದ (ಸ್ಪ್ಲೀನ್) ಸಿಡಿ4 ಟಿ ಕೋಶಗಳನ್ನು, ಅಂದರೆ ಮೈಮೇಲೆ ಸಿಡಿ4 ಎಂಬ ಪ್ರೋಟೀನ್ ಇರುವ ರೋಗನಿರೋಧಕ ಕೋಶಗಳನ್ನು, ಮಾತ್ರ ತೆಗೆಯಬೇಕಿತ್ತು. ಮ್ಯಾಗ್ನೆಟ್ ಕಾಲಮ್ (ಕಾಂತದಲ್ಲಿ ಇಟ್ಟ ಕೊಳವೆ) ಸಾಕು ಅಂತ ಕೆಲವರು, ಸಾರ್ಟರೇ (ಲೇಸರ್ ಬೆಳಕಿನಲ್ಲಿ ನೋಡಿ ಕೋಶಗಳನ್ನು ಬೇರ್ಪಡಿಸುವ ಯಂತ್ರ) ಬೇಕು ಅಂತ ಕೆಲವರು. ಒಂದೇ ಗುಲ್ಮದ ಕೋಶಗಳನ್ನು ಎರಡು ಪಾಲು ಮಾಡಿ ಎರಡನ್ನೂ ನೋಡಿದೆ.

ಕಾಲಮ್ ಕೆಲಸ ಬೇಗ ಆಗುತ್ತದೆ. ಸಿಡಿ4ಗೆ ಅಂಟುವ ಆಂಟಿಬಾಡಿ ಹೊತ್ತ ಕಾಂತೀಯ ಬೀಡ್ಸ್ (ಸಣ್ಣ ಮಣಿಗಳು) ಬೆರೆಸಿ, ಫ್ರಿಜ್ಜಿನಲ್ಲಿ ಸ್ವಲ್ಪ ಹೊತ್ತು ಇಟ್ಟು, ಕಾಲಮ್ಮಿನಲ್ಲಿ ಹರಿಸಿ ತೊಳೆದರೆ ಆಯಿತು. ಆದರೆ ಅದಕ್ಕೆ ತಿಳಿಯುವುದು ಬೀಡ್ ಅಂಟಿದೆಯೋ ಇಲ್ಲವೋ ಎನ್ನುವುದಷ್ಟೇ. ಸತ್ತ ಕೋಶಗಳು ಆಂಟಿಬಾಡಿಯನ್ನು ಸುಮ್ನೆ ಹಿಡಿದುಕೊಂಡು ಒಳಗೇ ಉಳಿಯುತ್ತವೆ. ಇಲಿಯ ಗುಲ್ಮದ ಕೆಲವು ಡೆಂಡ್ರಿಟಿಕ್ ಕೋಶಗಳ (ಇನ್ನೊಂದು ಬಗೆಯ ರೋಗನಿರೋಧಕ ಕೋಶಗಳು) ಮೇಲೂ ಸಿಡಿ4 ಇರುತ್ತದೆ, ಅವೂ ಜೊತೆಗೆ ಬರುತ್ತವೆ.

ಸಾರ್ಟರ್ ಒಂದೊಂದೇ ಕೋಶವನ್ನು ನೋಡುತ್ತದೆ. ಸಿಡಿ3 (ಟಿ ಕೋಶಗಳ ಗುರುತು), ಸಿಡಿ4 ಎರಡೂ ಇರಬೇಕು, ಡ್ಯಾಪಿ (ಸತ್ತ ಕೋಶಕ್ಕೆ ಹತ್ತುವ ಬಣ್ಣ) ಹತ್ತಿರಬಾರದು ಎಂದು ಒಟ್ಟಿಗೇ ಕೇಳಬಹುದು. ಆದರೂ ನನ್ನ ಮೊದಲ ಸಾರ್ಟಿನಲ್ಲಿ ನನಗೆ ಬೇಡವಾದ ಬಿ ಕೋಶಗಳು (ಬೇರೆ ಬಗೆಯ ರೋಗನಿರೋಧಕ ಕೋಶಗಳು) ಸಿಕ್ಕವು! ಟಿ ಕೋಶಕ್ಕೆ ಅಂಟಿಕೊಂಡ ಬಿ ಕೋಶ ಒಂದೇ ಕೋಶದಂತೆ ದಾಟಿ ಬಂದಿತ್ತು. ಸಿಗ್ನಲ್ಲಿನ ಏರಿಯಾ ಮತ್ತು ಹೈಟ್ ಹೋಲಿಸಿ ಜೋಡಿಗಳನ್ನು ಹೊರಗಿಡುವ ಗೇಟ್ (ಆಯ್ಕೆಯ ಗಡಿ) ಹಾಕಿದ ಮೇಲೆ ಅದು ಬಹಳ ಕಡಿಮೆಯಾಯಿತು. ಇನ್ನು, ಸತ್ತ ಕೋಶಗಳಿಂದ ಹೊರಬಂದ ಡಿಎನ್ಎ ಗೋಂದಿನಂತೆ ಎಲ್ಲವನ್ನೂ ಅಂಟಿಸುತ್ತದೆ. ಅದಕ್ಕೆ ಡಿಎನ್ಏಸ್ (ಡಿಎನ್ಎ ಕತ್ತರಿಸುವ ಕಿಣ್ವ) ಹಾಕಬೇಕು. ಡಿಎನ್ಏಸ್‌ಗೆ ಮೆಗ್ನೀಸಿಯಂ ಬೇಕು, ಕೋಶಗಳು ಒಂದಕ್ಕೊಂದು ಅಂಟದಂತೆ ಬಫರಿಗೆ ಹಾಕುವ ಇಡಿಟಿಎ ಅದನ್ನೇ ಕಿತ್ತುಕೊಳ್ಳುತ್ತದೆ. ಎರಡನ್ನೂ ಒಟ್ಟಿಗೆ ಹಾಕಿದರೆ ಪ್ರಯೋಜನವಿಲ್ಲ, ಅಲ್ವಾ? ಮೊದಲು ಡಿಎನ್ಏಸ್, ತೊಳೆದ ಮೇಲೆ 2 ಮಿಲಿಮೋಲಾರ್ ಇಡಿಟಿಎ ಇರುವ ಬಫರ್, ಕೊನೆಗೆ ಸಾರ್ಟರ್‌ಗೆ ಇಡುವ ಮುಂಚೆ 40 ಮೈಕ್ರಾನ್ ಜಾಲರಿಯಲ್ಲಿ ಶೋಧಿಸುವುದು.

ಸಾರ್ಟರಿನ ಮೋಡ್ ಕೂಡ ನೋಡಿಕೊಳ್ಳಿ. ಅದು ಕೋಶಗಳಿರುವ ದ್ರವವನ್ನು ಸಣ್ಣ ಹನಿಗಳಾಗಿ ಒಡೆದು, ಬೇಕಾದ ಹನಿಯನ್ನು ಟ್ಯೂಬಿಗೆ ಕಳಿಸುತ್ತದೆ. ಯೀಲ್ಡ್ ಮೋಡಿನಲ್ಲಿ ಬೇಡದ ಕೋಶ ಅದೇ ಹನಿಯಲ್ಲಿದ್ದರೂ ಹನಿ ಟ್ಯೂಬಿಗೆ ಬೀಳುತ್ತದೆ. ಪ್ಯೂರಿಟಿ ಮೋಡಿನಲ್ಲಿ ಅಂಥ ಹನಿ ಹೊರಗೆ ಹೋಗುತ್ತದೆ, ಹಾಗಾಗಿ ಜೋರಾಗಿ ಓಡಿಸಿದಷ್ಟೂ ಕೋಶ ಜಾಸ್ತಿ ನಷ್ಟ. ಸೆಕೆಂಡಿಗೆ 10,000 ಕೋಶಗಳಂತೆ 4 ಕೋಟಿ ಮುಗಿಸಲು ಒಂದು ಗಂಟೆ ದಾಟುತ್ತದೆ.

ಕಲ್ಚರಿಗಾದರೆ ನಾನು ಕಾಲಮ್ಮನ್ನೇ ಆರಿಸುತ್ತೇನೆ, ಅದೂ ಬೇಡದ ಕೋಶಗಳಿಗೆ ಬೀಡ್ ಅಂಟಿಸಿ ತೆಗೆಯುವ ಕಿಟ್. ಆರ್‌ಎನ್‌ಎ ಕೆಲಸಕ್ಕಾದರೆ ಅದೇ ಕಾಲಮ್ ಮೊದಲು, ಸಾರ್ಟರ್ ಆಮೇಲೆ. ಸಾರ್ಟರಿನ ಸಮಯ ತುಂಬಾ ಉಳಿಯುತ್ತದೆ.

ಶುದ್ಧತೆ ನೋಡಲು ಟ್ಯೂಬನ್ನು ಮತ್ತೆ ಓಡಿಸುವ ಮುಂಚೆ ಲೈನ್ ತೊಳೆಯಿರಿ. ಪೈಪಿನಲ್ಲಿ ಉಳಿದ ಹಳೆಯ ಕೋಶಗಳೂ ಲೆಕ್ಕಕ್ಕೆ ಬರುತ್ತವೆ. ನಾನು ಒಂದು ಒಳ್ಳೆಯ ಟ್ಯೂಬನ್ನು ಹೀಗೇ ಕೆಟ್ಟದ್ದೆಂದು ಚೆಲ್ಲಿದ್ದೇನೆ.