ಕೊಟ್ಟಿಗೆಯನ್ನು ಮನೆ ಮಾಡುವಾಗ: ಸಿಮೆಂಟಾ, ಸುಣ್ಣವಾ, ಮಣ್ಣಾ?

ಸಾಗರದ ಕಡೆಯ ನಮ್ಮ ಹಳೆ ಕೊಟ್ಟಿಗೆಯಲ್ಲಿ ಈಗ ದನಗಳಿಲ್ಲ, ನಾವಿದ್ದೇವೆ. ಜಂಬಿಟ್ಟಿಗೆ ಕಲ್ಲಿನ ಗೋಡೆ, ಮೇಲೆ ಹುಲ್ಲು ಒಟ್ಟುವ ಅಟ್ಟ, ಅದರ ಮೇಲೆ ಮಂಗಳೂರು ಹೆಂಚು. ಹಳೆ ಮನೆ ರಿಪೇರಿ ಮಾಡಿಸಿದವರ ಸಲಹೆ ಇಲ್ಲಿ ಅರ್ಧಕ್ಕರ್ಧ ನಡೆಯುವುದಿಲ್ಲ. ಕೊಟ್ಟಿಗೆಯ ಗೋಡೆ ವರ್ಷಗಟ್ಟಲೆ ಗಂಜಲ ಕುಡಿದಿರುತ್ತದೆ. ಹಿಂದೆ ಕೋವಿ ಮದ್ದಿನ ಪುಡಿಗೆ ಬೇಕಾದ ಪೆಟ್ಲುಪ್ಪನ್ನು ಇಂಥ ಮಣ್ಣಿನಿಂದಲೇ ತೆಗೆಯುತ್ತಿದ್ದರು ಎಂದಮೇಲೆ ಎಷ್ಟು ಉಪ್ಪಿರಬಹುದು, ನೀವೇ ಯೋಚಿಸಿ. ಮಳೆಗಾಲದಲ್ಲಿ ಆ ಉಪ್ಪು ಗಾಳಿಯಿಂದಲೂ ತೇವ ಎಳೆದುಕೊಳ್ಳುತ್ತದೆ. ಅದಕ್ಕೇ ಮೂರು ಗೋಡೆಗೆ ಮೂರು ಥರದ ಗಾರೆ ಹಾಕಿಸಿ ನೋಡಿದೆವು.

ಸಿಮೆಂಟ್ ಕೆಲಸ ಬೇಗ ಮುಗಿಯಿತು. ಮೇಸ್ತ್ರಿ ಹುಡುಕಬೇಕಿಲ್ಲ, ಗೋಡೆ ಕನ್ನಡಿಯಂತೆ ನುಣುಪು. ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಸೊಂಟದೆತ್ತರದವರೆಗೆ ಬಣ್ಣ ಉಬ್ಬಿ ಉದುರತೊಡಗಿತು. ಒಳಗಿನ ತೇವಕ್ಕೆ ಹೊರಬರಲು ದಾರಿಯಿಲ್ಲದೆ ಮೇಲೇರಿತ್ತು.

ಸುಣ್ಣದ್ದು ತಾಳ್ಮೆಯ ಕೆಲಸ. ಸುಣ್ಣವನ್ನು ಮೊದಲೇ ಅರಳಿಸಿಡಬೇಕು, ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳು ಕಲಸಬೇಕು, ಮೆತ್ತಿದ ಮೇಲೆ ಒದ್ದೆ ಗೋಣಿ ಕಟ್ಟಿ ಕಾಯಬೇಕು. ಗಾಳಿಯ ಇಂಗಾಲದ ಡೈ ಆಕ್ಸೈಡ್ ಹೀರಿಕೊಂಡೇ ಅದು ಗಟ್ಟಿಯಾಗುವುದು, ಹಾಗಾಗಿ ಅವಸರ ಮಾಡಿ ಪ್ರಯೋಜನವಿಲ್ಲ. ಬೆಲ್ಲದ ನೀರು, ಅಳಲೆಕಾಯಿ ಸೇರಿಸಲು ಗೊತ್ತಿದ್ದ ವಯಸ್ಸಾದ ಮೇಸ್ತ್ರಿಯೊಬ್ಬರು ಸಿಕ್ಕಿದ್ದು ನಮ್ಮ ಪುಣ್ಯ. ಕೂಲಿ ಮಾತ್ರ ಸಿಮೆಂಟಿಗಿಂತ ಜಾಸ್ತಿ. ಈ ಗೋಡೆಯಲ್ಲೂ ಉಪ್ಪು ಬರುತ್ತದೆ, ಆದರೆ ಬಿಳಿ ಪುಡಿಯಾಗಿ ಹೊರಗೆ ಬರುತ್ತದೆ. ಒಣ ಬ್ರಷ್ಷಿನಲ್ಲಿ ತೆಗೆದರಾಯಿತು. ಒದ್ದೆ ಬಟ್ಟೆ ಮುಟ್ಟಿಸಬೇಡಿ, ಉಪ್ಪು ಕರಗಿ ಮತ್ತೆ ಒಳಗೇ ಹೋಗುತ್ತದೆ. ಬುಡದ ಗಾರೆ ನಿಧಾನಕ್ಕೆ ಸವೆಯುತ್ತದೆ. ಆ ಒಂದು ಪಟ್ಟಿಯನ್ನಷ್ಟೇ ಕೆಲವು ವರ್ಷಕ್ಕೊಮ್ಮೆ ಹೊಸದಾಗಿ ಮೆತ್ತಿಸಬೇಕು.

ಮಣ್ಣಿನದು ಎಲ್ಲಕ್ಕಿಂತ ಅಗ್ಗ: ನಮ್ಮದೇ ಮಣ್ಣು, ಸೆಗಣಿ, ಕತ್ತರಿಸಿದ ಹುಲ್ಲು. ಕೋಣೆ ತಂಪಾಗಿರುತ್ತದೆ. ಆದರೆ ಗೆದ್ದಲು ಬಿಡುವುದಿಲ್ಲ, ಗೋಡೆಗೆ ಒರಗಿದ ಮಕ್ಕಳ ಅಂಗಿಯೆಲ್ಲ ಕೆಂಪು. ಅಮ್ಮನ ಕೋಣೆಯಲ್ಲಿ ಮಾತ್ರ ಉಳಿಸಿಕೊಂಡಿದ್ದೇವೆ, ಅದೂ ಅವರು ಹಟ ಹಿಡಿದಿದ್ದಕ್ಕೆ.

ನನ್ನ ಮತ ಸುಣ್ಣಕ್ಕೆ. ಬಚ್ಚಲುಮನೆಗೆ ಮಾತ್ರ ಸಿಮೆಂಟೇ ಸರಿ, ಅಲ್ಲಿ ಹೊಸದಾಗಿ ಇಟ್ಟಿಗೆ ಗೋಡೆ ಕಟ್ಟಿಸಿದ್ದೆವು.

ಮಾಡಿನ ವಿಷಯದಲ್ಲಿ ನಾನು ಅಷ್ಟು ಸಂಪ್ರದಾಯಸ್ಥನಲ್ಲ. ಅರ್ಧಕ್ಕೆ ಹಳೆ ಹೆಂಚನ್ನೇ ತಿರುಗಿ ಹೊದೆಸಿದೆವು, ಇನ್ನರ್ಧಕ್ಕೆ ಬಣ್ಣದ ತಗಡಿನ ಶೀಟು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಶುರು ಮಾಡಿದ ಈ ಹೆಂಚು ಬಿಸಿಲಿಗೆ ಒಳ್ಳೆಯದು, ಅಟ್ಟದ ಮೇಲೆ ಮಧ್ಯಾಹ್ನವೂ ಮಲಗಬಹುದು. ಆದರೆ ಮಂಗ ಒಮ್ಮೆ ಹಾರಿದರೆ ನಾಲ್ಕು ಹೆಂಚು ಹೋಯಿತು. ಹೆಂಚಿನ ಭಾರಕ್ಕೆ ಅದರಡಿಯ ಮರದ ಪಕಾಸು, ಅದರ ಮೇಲೆ ಅಡ್ಡ ಹೊಡೆಯುವ ರೀಪೂ ಗಟ್ಟಿಯಿರಬೇಕು. ಶೀಟಿಗೆ ಮಂಗದ ಭಯವಿಲ್ಲ. ಆದರೆ ಆಷಾಢದ ಮಳೆ ಬಡಿಯುವಾಗ ಅದರಡಿ ಫೋನಿನಲ್ಲಿ ಮಾತಾಡಲಾಗದು, ಬೇಸಿಗೆಯಲ್ಲಿ ಕೂರಲಾಗದು. ಮಲಗುವ ಕಡೆ ಹೆಂಚು, ಅಡಿಕೆ ಚೀಲ ಇಡುವ ಕಡೆ ಶೀಟು ಎಂದು ಕೊನೆಗೆ ಭಾಗ ಮಾಡಿಕೊಂಡೆವು.

ನೆಲಕ್ಕೆ ರೆಡಾಕ್ಸೈಡ್, ಅದರಲ್ಲಿ ಚರ್ಚೆಯೇ ಇರಲಿಲ್ಲ. ನೆಲ ಹಾಕಿಸುವ ಮೊದಲು ಗಂಜಲ ಹಿಡಿದ ಮಣ್ಣನ್ನು ಮೊಣಕಾಲಾಳದವರೆಗೆ ಅಗೆದು ತೆಗೆಸಿ. ಅಡಿಕೆ ತೋಟಕ್ಕೆ ಅದಕ್ಕಿಂತ ಒಳ್ಳೆಯ ಗೊಬ್ಬರ ಅಂಗಡಿಯಲ್ಲಿ ಸಿಗದು.