ಮೊಮ್ಮಗಳ ಕಾರ್ಡಿನಲ್ಲಿ ಅಜ್ಜಿಗೊಂದು ಪುಸ್ತಕ: ನಮ್ಮ ಪಂಚಾಯಿತಿಯ ಅರಿವು ಕೇಂದ್ರ

ನಮ್ಮ ಪಂಚಾಯಿತಿ ಗ್ರಂಥಾಲಯದ ಒಳಗೆ ನಾನು ಮೊದಲ ಸಲ ಕಾಲಿಟ್ಟಿದ್ದು ಮನೆ ಕಂದಾಯ ಕಟ್ಟಿದ ದಿನ. ಕೆಎಸ್‌ಆರ್‌ಟಿಸಿಯಲ್ಲಿ 29 ವರ್ಷ ಕಂಡಕ್ಟರ್ ಆಗಿದ್ದವನು ನಾನು. ಕೈಗೆ ಬಂದ ಚೀಟಿಯನ್ನು ಪೂರ್ತಿ ಓದದೆ ಜೇಬಿಗೆ ಇಡುವ ಅಭ್ಯಾಸ ಇಲ್ಲ. ರಸೀದಿಯಲ್ಲಿ ಆರೋಗ್ಯ ಕರ, ಶಿಕ್ಷಣ ಕರ, ಭಿಕ್ಷುಕರ ಕರ ಅಂತ ಸಾಲಾಗಿ ಇತ್ತು. ನಡುವೆ ಗ್ರಂಥಾಲಯ ಕರ. ತೆರಿಗೆಯ ನೂರು ರೂಪಾಯಿಗೆ 6 ರೂಪಾಯಿ.

"ಇದನ್ನು ಯಾವಾಗಿಂದ ತಗೋತಿದ್ದೀರಪ್ಪ?" ಅಂತ ಬಿಲ್ ಕಲೆಕ್ಟರ್ ಹುಡುಗನನ್ನು ಕೇಳಿದೆ.

"ನಾನು ಹುಟ್ಟೋಕೆ ಮುಂಚೆಯಿಂದ ಇದೆ ಸಾರ್. ಲೈಬ್ರರಿ ಪಕ್ಕದಲ್ಲೇ ಇದೆ. ಹೋಗಿ ನೋಡಿ" ಅಂದ.

ಅವನು ಹೇಳಿದ್ದು ಸರಿ. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದ ಕರ ಅದು. ಅಂದರೆ ಆ ಬಾಗಿಲು ತೆರೆದಿರುವುದಕ್ಕೆ ನಾವೇ ದುಡ್ಡು ಕೊಡುತ್ತಿದ್ದೇವೆ. ನಿವೃತ್ತಿಯಾಗಿ ಊರಿಗೆ ಬಂದು ಎರಡು ವರ್ಷ ಆಗಿದ್ದರೂ ನಾನು ಅದರ ಮುಂದೆ ಹಾದುಹೋಗಿದ್ದೆ, ಅಷ್ಟೇ. ಆವತ್ತು ಒಳಗೆ ಹೋದೆ. ಈಗ ಒಂದು ವರ್ಷದಿಂದ ವಾರಕ್ಕೆ ಎರಡು ಸಲವಾದರೂ ಹೋಗುತ್ತೇನೆ, ಜಾಸ್ತಿ ಸಲ ಮೊಮ್ಮಗಳ ಜೊತೆ.

ನಮ್ಮದು ತಿಪಟೂರು ತಾಲ್ಲೂಕು. ತೆಂಗಿನ ತೋಟದ ಸೀಮೆ. ಪಂಚಾಯಿತಿ ಕಚೇರಿಗೆ ಅಂಟಿಕೊಂಡ ಎರಡು ಕೋಣೆಗಳಲ್ಲಿ ಗ್ರಂಥಾಲಯ ಇದೆ. ಹೊರಗಿನ ಗೋಡೆಯ ಮೇಲೆ ಸಂವಿಧಾನದ ಪೀಠಿಕೆಯನ್ನು ದೊಡ್ಡದಾಗಿ ಬರೆಸಿದ್ದಾರೆ. ಒಳಗೆ ಮೊದಲ ಕೋಣೆಯಲ್ಲಿ ಪೇಪರ್ ಓದುವ ಉದ್ದನೆಯ ಮೇಜು, ಎರಡು ಕಂಪ್ಯೂಟರ್, ಒಂದು ಟಿವಿ. ಎರಡನೆಯದು ಮಕ್ಕಳ ಕೋಣೆ. ಕುರ್ಚಿ ಇಲ್ಲ, ಚಾಪೆ ಹಾಸಿದೆ. ಪುಸ್ತಕದ ಕಪಾಟು ನನ್ನ ಸೊಂಟದ ಎತ್ತರಕ್ಕಿಂತ ಮೇಲೆ ಹೋಗಿಲ್ಲ. ಒಂದನೇ ಕ್ಲಾಸಿನ ಮಗುವೂ ಯಾರನ್ನೂ ಕೇಳದೆ ಕೈಚಾಚಿ ತಗೊಳ್ಳಬಹುದು.

ಆ ಕಪಾಟನ್ನು ನೋಡಿ ನನಗೆ ಗಂಟಲು ಕಟ್ಟಿತು. ನಾನು ಹೈಸ್ಕೂಲು ಓದಿದ ಊರಿನಲ್ಲೂ ಒಂದು ವಾಚನಾಲಯ ಇತ್ತು. ಪುಸ್ತಕಗಳೆಲ್ಲ ಗಾಜಿನ ಬೀರುವಿನಲ್ಲಿ. ಬೀರುವಿಗೆ ಬೀಗ. ಬೀಗದ ಕೈ ಯಾರ ಹತ್ತಿರ ಅಂತ ಕೇಳಿದರೆ ಒಬ್ಬರು ಇನ್ನೊಬ್ಬರ ಹೆಸರು ಹೇಳುತ್ತಿದ್ದರು. ಮೂರು ವರ್ಷ ಗಾಜಿನ ಆಚೆಯಿಂದ ಪುಸ್ತಕದ ಬೆನ್ನು ಓದಿಕೊಂಡೇ ಬಂದೆ. ಒಂದನ್ನೂ ಮುಟ್ಟಲಿಲ್ಲ.

ಇಲ್ಲಿ ಗೋಡೆಯ ಮೇಲೆ ಕನ್ನಡಕ ಹಾಕಿದ ಒಬ್ಬ ಹಿರಿಯರ ಫೋಟೋ ಇದೆ. ಯಾರಮ್ಮ ಇವರು ಅಂತ ಮೇಲ್ವಿಚಾರಕಿಯನ್ನು ಕೇಳಿದೆ. ಎಸ್.ಆರ್. ರಂಗನಾಥನ್ ಅಂದರು. ಗಣಿತದ ಮೇಷ್ಟ್ರಾಗಿದ್ದವರು, ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, ಕೊನೆಗಾಲದಲ್ಲಿ ಬೆಂಗಳೂರಿನಲ್ಲೇ ಇದ್ದು 1972ರಲ್ಲಿ ತೀರಿಕೊಂಡರು. ಅವರು ಹುಟ್ಟಿದ ಆಗಸ್ಟ್ 12ನ್ನು ಗ್ರಂಥಪಾಲಕರ ದಿನ ಅಂತ ಆಚರಿಸುತ್ತಾರೆ. ಗ್ರಂಥಾಲಯ ಹೇಗಿರಬೇಕು ಅಂತ 1931ರಲ್ಲೇ ಅವರು ಐದು ಸೂತ್ರ ಬರೆದಿದ್ದರಂತೆ. ಮೊದಲನೆಯದು: ಪುಸ್ತಕ ಇರುವುದು ಬಳಸುವುದಕ್ಕೆ. ಅದನ್ನು ಕೇಳಿದಾಗ ನನ್ನ ಕಣ್ಣ ಮುಂದೆ ಆ ಗಾಜಿನ ಬೀರು ಬಂತು.

ಹಳ್ಳಿಯ ಗ್ರಂಥಾಲಯಗಳು ಮುಂಚೆ ಗ್ರಂಥಾಲಯ ಇಲಾಖೆಯ ಕೈಯಲ್ಲಿದ್ದವು. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ರಾಜ್ಯದಲ್ಲಿ ಇಂಥವು ಐದು ಸಾವಿರಕ್ಕೂ ಜಾಸ್ತಿ ಇವೆ. ಈಗ ಬೋರ್ಡಿನ ಮೇಲೆ 'ಅರಿವು ಕೇಂದ್ರ' ಅಂತ ಇರುತ್ತದೆ. ಊರಿನವರ ಬಾಯಲ್ಲಿ ಇನ್ನೂ ಲೈಬ್ರರಿಯೇ. 2020ರ ನವೆಂಬರ್‌ನಲ್ಲಿ, ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, 'ಓದುವ ಬೆಳಕು' ಅನ್ನುವ ಕಾರ್ಯಕ್ರಮ ಶುರುವಾಯಿತು. ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಒಂದು ಪೈಸೆ ಕೊಡಬೇಕಾಗಿಲ್ಲ.

ನಮ್ಮ ಮೊಮ್ಮಗಳಿಗೆ ಒಂಬತ್ತು ವರ್ಷ. ಮನೆಯಲ್ಲಿ ಪುಟ್ಟಿ ಅಂತೀವಿ. ಅವಳನ್ನು ಸೇರಿಸುವಾಗ ಒಂದು ಫೋಟೋ, ಶಾಲೆಯ ಹೆಸರು, ನನ್ನ ಫೋನ್ ನಂಬರ್ ಕೇಳಿದರು. ಐದು ನಿಮಿಷದ ಕೆಲಸ. ಕಾರ್ಡಿನ ಮೇಲೆ ಅವಳ ಪೂರ್ತಿ ಹೆಸರು ಬರೆದು, "ಇಲ್ಲಿ ನೀನೇ ಸಹಿ ಮಾಡು" ಅಂತ ಪೆನ್ನು ಅವಳ ಕೈಗೆ ಕೊಟ್ಟರು. ಪುಟ್ಟಿ ನನ್ನ ಮುಖ ನೋಡಿದಳು.

"ತಾತ, ಇದು ನಂದೇ ಕಾರ್ಡಾ?"

ಬಸ್ಸಿನಲ್ಲಿ ಸಾವಿರಾರು ಮಕ್ಕಳ ಪಾಸ್ ನೋಡಿದ್ದೇನೆ. ಜೂನ್ ತಿಂಗಳಲ್ಲಿ ಹೊಸ ಪಾಸ್ ಸಿಕ್ಕ ಮಗು, ಕೇಳುವ ಮೊದಲೇ ಅದನ್ನು ಎತ್ತಿ ತೋರಿಸುತ್ತದೆ. ತನ್ನ ಹೆಸರು ಅಚ್ಚಾಗಿರುವ ಚೀಟಿ ಮಗುವಿಗೆ ತುಂಬಾ ದೊಡ್ಡದು. ಪುಟ್ಟಿ ಆ ಕಾರ್ಡನ್ನು ಒಂದು ವಾರ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದಳು.

ಶನಿವಾರ ಮಧ್ಯಾಹ್ನ ಹೋದರೆ ಈ ಜಾಗದ ನಿಜವಾದ ರೂಪ ಕಾಣುತ್ತದೆ. ಶಾಲೆ ಬಿಟ್ಟ ಮಕ್ಕಳು ಚಾಪೆಯ ಮೇಲೆ ಕೂರುತ್ತಾರೆ. ಒಬ್ಬರು ನಿಂತು ಜೋರಾಗಿ ಓದಬೇಕು. ಅದಕ್ಕೆ 'ಗಟ್ಟಿ ಓದು' ಅಂತಾರೆ. ತಡವರಿಸಿದರೆ ಯಾರೂ ನಗುವುದಿಲ್ಲ. ಮೇಲ್ವಿಚಾರಕಿ ಮೊದಲ ದಿನವೇ ಆ ನಿಯಮ ಮಾಡಿದ್ದಾರೆ. ಒಂದು ಶನಿವಾರ ಪೋಸ್ಟ್ ಕಾರ್ಡ್ ಕೊಟ್ಟು ಪತ್ರ ಬರೆಸಿದರು. ಪುಟ್ಟಿ ಬೆಂಗಳೂರಿನಲ್ಲಿರುವ ಅವಳ ಅತ್ತೆಗೆ ಬರೆದಳು. ನನ್ನ ಮಗಳು ಆ ಕಾರ್ಡಿನ ಫೋಟೋ ತೆಗೆದು ಕಳಿಸಿ, ಫೋನ್ ಮಾಡಿ ಅತ್ತಳು. ಚೆಸ್ ಇದೆ, ಬೇಸಿಗೆ ಶಿಬಿರ ಇದೆ. ಒಂದು ಸಲ ನನ್ನನ್ನೇ ಕೂರಿಸಿ ಮಕ್ಕಳಿಂದ ಪ್ರಶ್ನೆ ಕೇಳಿಸಿದರು. ರಾತ್ರಿ ಡ್ಯೂಟಿಯಲ್ಲಿ ನಿದ್ದೆ ಬಂದರೆ ಏನು ಮಾಡ್ತಿದ್ರಿ ಅಂತ ಒಬ್ಬ ಹುಡುಗ ಕೇಳಿದ. ಮೂರು ಮಕ್ಕಳು ನನ್ನ ಹಳೆಯ ಟಿಕೆಟ್ ಕಟ್ಟು ಇಟ್ಟುಕೊಂಡು ಒಂದು ಗಂಟೆ ಚಿಲ್ಲರೆ ಲೆಕ್ಕ ಮಾಡಿದರು.

ಇವೆಲ್ಲಕ್ಕಿಂತ ನನ್ನ ಮನೆಯನ್ನು ಮುಟ್ಟಿದ್ದು ಇನ್ನೊಂದು. ಅದರ ಹೆಸರು 'ಅಮ್ಮನಿಗಾಗಿ ಒಂದು ಪುಸ್ತಕ'. ಮಗು ತನ್ನ ಕಾರ್ಡಿನಲ್ಲಿ ಅಮ್ಮನಿಗೋಸ್ಕರ ಒಂದು ಪುಸ್ತಕ ಆರಿಸಿ ಮನೆಗೆ ಒಯ್ಯಬೇಕು. ನನ್ನ ಸೊಸೆ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಮನೆಗೆ ಬರುವಾಗ ರಾತ್ರಿ ಎಂಟು. ಪುಟ್ಟಿ ಯೋಚನೆ ಮಾಡಿ, "ಅಕ್ಕ, ಅಮ್ಮಂಗೆ ಟೈಮ್ ಇಲ್ಲ. ಅಜ್ಜಿಗೆ ತಗೊಂಡು ಹೋಗ್ಲಾ?" ಅಂತ ಕೇಳಿದಳು. ಮೇಲ್ವಿಚಾರಕಿ ಮರುಮಾತಾಡದೆ ರಿಜಿಸ್ಟರ್‌ನಲ್ಲಿ ಅವಳ ಹೆಸರಿನ ಮುಂದೆ 'ಅಜ್ಜಿಗೆ' ಅಂತ ಬರೆದುಕೊಂಡರು.

ನನ್ನ ಹೆಂಡತಿ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ತಮ್ಮಂದಿರನ್ನು ನೋಡಿಕೊಳ್ಳಬೇಕಿತ್ತು. ಸಹಿ ಮಾಡುತ್ತಾಳೆ, ಬಸ್ಸಿನ ಬೋರ್ಡ್ ಓದುತ್ತಾಳೆ. ಪುಸ್ತಕ ಅಂತ ಕೈಯಲ್ಲಿ ಹಿಡಿದಿದ್ದನ್ನು ನಾನು ಮದುವೆಯಾದ 38 ವರ್ಷದಲ್ಲಿ ನೋಡಿರಲಿಲ್ಲ. ಪುಟ್ಟಿ ತಂದಿದ್ದು ಪ್ರಥಮ್ ಬುಕ್ಸ್‌ನವರ ತೆಳ್ಳನೆಯ ಚಿತ್ರದ ಪುಸ್ತಕ. ಪುಟಕ್ಕೆ ಎರಡೇ ಸಾಲು, ದಪ್ಪ ಅಕ್ಷರ. ಊಟ ಆದ ಮೇಲೆ ಅಜ್ಜಿ ಮೊಮ್ಮಗಳು ಇಬ್ಬರೂ ಗೋಡೆಗೆ ಒರಗಿ ಕೂತರು. ಅಜ್ಜಿ ಬೆರಳಿಟ್ಟು ಓದಿದಳು. 'ಸೂರ್ಯ' ಅನ್ನುವ ಕಡೆ ನಿಂತಳು. ಸೂ ಬಂತು, ಯ ಬಂತು, ಪಕ್ಕದ ಸುರುಳಿ ಏನು ಅಂತ ಗೊತ್ತಾಗಲಿಲ್ಲ.

"ಅಜ್ಜಿ, ಅದು ಅರ್ಕಾವೊತ್ತು. ಹಿಂದೆ ಬರೆದಿರ್ತಾರೆ, ಮುಂಚೆ ಓದ್ಬೇಕು" ಅಂದಳು ಪುಟ್ಟಿ.

"ಹಿಂದಿರೋದನ್ನ ಮುಂಚೆ ಓದ್ಬೇಕಾ?" ಅಂತ ಅವಳು ಇನ್ನೊಂದು ಸಲ ನೋಡಿ, "ಸೂರ್ಯ" ಅಂದಳು. ಆಮೇಲೆ ಪುಸ್ತಕ ಮುಚ್ಚಲೇ ಇಲ್ಲ. ಮುಂದಿನ ಪುಟಗಳಲ್ಲಿ ಇನ್ನೆಲ್ಲಿ ಅರ್ಕಾವೊತ್ತು ಇದೆ ಅಂತ ಹುಡುಕಿದಳು. ನಾನು ಹೊರಗೆ ಜಗಲಿಯ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದೆ. ಎದ್ದು ಒಳಗೆ ಹೋಗಲಿಲ್ಲ. ನಾನು ಹೋದರೆ ಅವಳು ನಿಲ್ಲಿಸಿಬಿಡುತ್ತಾಳೆ ಅಂತ ಭಯ ಆಯಿತು.

ಎರಡು ತಿಂಗಳಲ್ಲಿ ಅವಳು ಮಕ್ಕಳ ಕಪಾಟಿನ ಸುಮಾರು ಪುಸ್ತಕ ಮುಗಿಸಿದಳು. ತೊಂದರೆ ಶುರುವಾಗಿದ್ದು ಅಲ್ಲಿಂದ. ಆನೆ, ಮೊಲದ ಕಥೆ ಸಾಕಾಯಿತು ಅವಳಿಗೆ. ಹೈನುಗಾರಿಕೆ, ತೆಂಗಿನ ರೋಗ, ದೊಡ್ಡವರ ಕಥೆ ಬೇಕು. ಆ ಪುಸ್ತಕಗಳು ಕಪಾಟಿನಲ್ಲಿ ಇವೆ. ಆದರೆ ಅಕ್ಷರ ಸಾಸಿವೆಯಷ್ಟು, ವಾಕ್ಯ ಅರ್ಧ ಪುಟ. ಹೊಸದಾಗಿ ಓದು ಹಿಡಿದ ಅರವತ್ತರ ಹೆಂಗಸಿಗೆ ಅಂತ ಒಂದು ಸಾಲು ಕಪಾಟು ಬೇಕೇ ಬೇಕು. ಊರಿನಲ್ಲಿ ಅವಳಂಥವರು ಒಬ್ಬಿಬ್ಬರಲ್ಲ. ಇದನ್ನು ಬರೆದು ಪಂಚಾಯಿತಿಗೆ ಅರ್ಜಿ ಕೊಟ್ಟಿದ್ದೇನೆ.

ಇನ್ನೂ ಕೆಲವು ಕೊರತೆ ಹೇಳಲೇಬೇಕು. ಗ್ರಂಥಾಲಯಕ್ಕೆ ಅಂತ ಬೇರೆ ಶೌಚಾಲಯ ಇಲ್ಲ. ಕಚೇರಿಯದ್ದನ್ನು ಸಂಜೆ ಬೀಗ ಹಾಕುತ್ತಾರೆ. ಹೈಸ್ಕೂಲು ಹುಡುಗಿಯರು ಅರ್ಧಕ್ಕೇ ಎದ್ದು ಹೋಗುವುದು ಅದಕ್ಕೇ ಅಂತ ಅರ್ಥ ಮಾಡಿಕೊಳ್ಳಲು ನನಗೆ ಆರು ತಿಂಗಳು ಬೇಕಾಯಿತು. ಗಂಡಸರಿಗೆ ಇದು ಕಣ್ಣಿಗೆ ಬೀಳುವುದಿಲ್ಲ. ಕರೆಂಟ್ ಹೋದರೆ ಕಂಪ್ಯೂಟರ್ ನಿಲ್ಲುತ್ತದೆ, ಯುಪಿಎಸ್ ಬ್ಯಾಟರಿ ಸತ್ತು ಬಹಳ ದಿನ ಆಗಿದೆ. ಮೇಲ್ವಿಚಾರಕಿ ಒಬ್ಬರೇ. ಅವರಿಗೆ ಮೀಟಿಂಗ್, ಸರ್ವೆ ಕೆಲಸ ಬಂದರೆ ಬಾಗಿಲು ಮುಚ್ಚುತ್ತದೆ. ಅದು ಅವರ ತಪ್ಪಲ್ಲ. ಅವರಿದ್ದರೆ ಅದು ಗ್ರಂಥಾಲಯ, ಅವರಿಲ್ಲದಿದ್ದರೆ ಬರೀ ಎರಡು ಕೋಣೆ. ಅವರಿಗೆ ಬೇರೆ ಕೆಲಸ ಹಚ್ಚಬೇಡಿ ಅಂತ ನಾವು ಊರಿನವರೇ ಕೇಳಬೇಕು.

ಪರೀಕ್ಷೆಗೆ ಓದುವ ಹುಡುಗರಿಗೂ ಮಕ್ಕಳಿಗೂ ಮೊದಮೊದಲು ಜಗಳ ಆಗುತ್ತಿತ್ತು. ಪಿಡಿಒ, ಪೊಲೀಸ್ ಪರೀಕ್ಷೆ ಕಟ್ಟಿದವರಿಗೆ ನಿಶ್ಶಬ್ದ ಬೇಕು, ಮಕ್ಕಳಿಗೆ ಗಟ್ಟಿ ಓದು. ಈಗ ಬೆಳಿಗ್ಗೆ ದೊಡ್ಡವರಿಗೆ, ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಅಂತ ಹಂಚಿದ್ದಾರೆ. ನಮ್ಮಲ್ಲಿ ಸೋಮವಾರ ರಜೆ. ನಿಮ್ಮ ಪಂಚಾಯಿತಿಯ ಸಮಯ ಬೇರೆ ಇರಬಹುದು, ಕೇಳಿಕೊಂಡು ಹೋಗಿ.

ಪುಸ್ತಕ ಕೊಡುವವರಿಗೆ ಒಂದು ಮಾತು. ಊರಿನವರಿಂದ ಪುಸ್ತಕ ಸಂಗ್ರಹಿಸುವುದಕ್ಕೆ 'ಪುಸ್ತಕ ಜೋಳಿಗೆ' ಅಂತ ಮಾಡುತ್ತಾರೆ. ನಾನೂ ಜೋಳಿಗೆ ಹಿಡಿದು ಎರಡು ಬೀದಿ ಸುತ್ತಿದ್ದೇನೆ. ಕೆಲವರು ಹರಿದ ಗೈಡು, ಹತ್ತು ವರ್ಷ ಹಳೆಯ ಪಠ್ಯಪುಸ್ತಕ ಹಾಕಿದರು. ಅಟ್ಟ ಖಾಲಿ ಮಾಡುವ ಜಾಗ ಅದಲ್ಲ. ನಿಮ್ಮ ಮಗು ಇಷ್ಟಪಟ್ಟು ಓದಿದ ಒಂದು ಪುಸ್ತಕ ಕೊಟ್ಟರೆ ಸಾಕು. ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ ಇರುತ್ತದೆ. ಆಗ ಹೋಗಿ ಕೊಟ್ಟು, ಹಾಗೇ ಒಳಗೆ ಕೂತು ಬನ್ನಿ.

ಹೋದ ಶನಿವಾರ ನನ್ನ ಹೆಂಡತಿಯೂ ಬಂದಳು. ಪಂಚಾಯಿತಿ ಅಂದರೆ ಗಂಡಸರ ಜಾಗ ಅಂತ ಅವಳು ಈ ಕಡೆ ಬಂದವಳೇ ಅಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಸೆರಗು ಸರಿಮಾಡಿಕೊಂಡು ನಿಂತಳು. ಪುಟ್ಟಿ ಕೈಹಿಡಿದು ಒಳಗೆ ಎಳೆದುಕೊಂಡು ಹೋಗಿ, "ಅಕ್ಕ, ಇವರೇ ಅಜ್ಜಿ" ಅಂದಳು.

ಅವಳು ಎಲ್ಲಾ ಕಪಾಟುಗಳನ್ನೂ ನಿಧಾನವಾಗಿ ನೋಡಿದಳು. ಒಂದೆರಡನ್ನು ತೆಗೆದು, ತೆರೆದು, ವಾಪಸ್ ಇಟ್ಟಳು. ಆಮೇಲೆ ಮೇಲ್ವಿಚಾರಕಿಯ ಹತ್ತಿರ ಹೋಗಿ, "ದೊಡ್ಡೋರ ಕಥೆ, ದಪ್ಪ ಅಕ್ಷರದ್ದು ಇದ್ರೆ ಕೊಡಮ್ಮ" ಅಂದಳು.

ಅವರು ಕುರ್ಚಿಯಿಂದ ಎದ್ದರು. ಮಕ್ಕಳನ್ನು ಸ್ವಲ್ಪ ಸರಿಸಿ, ಗೋಡೆಯ ಬದಿಯಲ್ಲಿ ಇನ್ನೂ ಬಿಚ್ಚದೆ ಇದ್ದ ಹೊಸ ಪುಸ್ತಕದ ಡಬ್ಬ ಎಳೆದು, ಕತ್ತರಿ ಎಲ್ಲಿ ಅಂತ ಹುಡುಕಿದರು.